ಮ್ಯಾಕ್‌ಬೆತ್ (ಶೇಕ್ಸ್‌ಪಿಯರ್ ನಾಟಕ) ರಿವಿಷನ್: ಹೈಸ್ಕೂಲ್ ಇಂಗ್ಲಿಷ್ ತರಗತಿಯ ಕೆಲಸದ ದಾಖಲೆ

ಸೋಮವಾರ

‘ಥೀಮ್’ಗಳ ಪಟ್ಟಿ ಬರೆಸುವುದನ್ನು ಬೇಕೆಂದೇ ಮುಂದಕ್ಕೆ ಹಾಕಿದ್ದೇವೆ. ಯಾವ ಘಟನೆಯಿಂದ ಯಾವುದು ಹುಟ್ಟಿತು ಎನ್ನುವುದು ಗಟ್ಟಿಯಾಗುವ ಮೊದಲೇ ಥೀಮ್ ಬರೆಸಿದರೆ ಎಲ್ಲರ ಉತ್ತರಪತ್ರಿಕೆಯಲ್ಲೂ ಒಂದೇ ಪ್ಯಾರಾ ಕಾಣಿಸುತ್ತದೆ.

ನಾಲ್ಕು ಜನರ ಗುಂಪಿಗೆ 20 ಕಾರ್ಡು. ಕಾರ್ಡಿಗೊಂದು ಘಟನೆ, ಒಂದೇ ವಾಕ್ಯ. ಅಂಕ, ದೃಶ್ಯದ ಸಂಖ್ಯೆ ಬೇಡ. ಪುಸ್ತಕ ಮುಚ್ಚಿ 12 ನಿಮಿಷದಲ್ಲಿ ಕ್ರಮವಾಗಿ ಜೋಡಿಸಬೇಕು. ಆಮೇಲೆ ಪುಸ್ತಕ ತೆರೆದು ತಿದ್ದಿಕೊಂಡು, ಎರಡು ಕಾರ್ಡುಗಳ ನಡುವೆ ‘ಆದ್ದರಿಂದ’ ಎನ್ನಬಹುದಾದರೆ ಬಾಣ, ಬರೀ ‘ಆಮೇಲೆ’ ಎನ್ನಬಹುದಾದರೆ ಗೆರೆ ಎಳೆಯಬೇಕು.

ತಪ್ಪು ಬೀಳುವ ಜಾಗಗಳು ಬಹುತೇಕ ಇವೇ. ಹೆಂಡತಿ ಮಕ್ಕಳ ಕೊಲೆಯಾದ ಮೇಲೆ ಸ್ಕಾಟ್ಲೆಂಡಿನ ಸರದಾರ ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿದ ಎಂದು ಜೋಡಿಸುತ್ತಾರೆ. ನಾಟಕದಲ್ಲಿರುವುದು ತಿರುವುಮುರುವು: ಅವನು ಹೊರಟುಹೋದ ಸುದ್ದಿ 4.1ರ (ನಾಲ್ಕನೇ ಅಂಕ, ಒಂದನೇ ದೃಶ್ಯ) ಕೊನೆಯಲ್ಲಿ ಬರುತ್ತದೆ, ಅದನ್ನು ಕೇಳಿಯೇ ಮ್ಯಾಕ್‌ಬೆತ್ ಅವನ ಕೋಟೆಯ ಮೇಲೆ ಕೈಮಾಡಲು ನಿರ್ಧರಿಸುತ್ತಾನೆ. ಈ ಬಾಣ ತಿರುಗಿದರೆ, ಗಂಡ ತಮ್ಮನ್ನು ಬಿಟ್ಟುಹೋದನೆಂದು ಲೇಡಿ ಮ್ಯಾಕ್‌ಡಫ್ 4.2ರಲ್ಲಿ ಪಡುವ ಸಿಟ್ಟಿಗೆ ಅರ್ಥವೇ ಉಳಿಯುವುದಿಲ್ಲ. ಇನ್ನೊಂದು, ಕಾಡರ್ ಪ್ರಾಂತ್ಯದ ಸರದಾರ (ಥೇನ್) ಪದವಿ. ಅದು ಮ್ಯಾಕ್‌ಬೆತ್‌ಗೆ ಸೇರಿದ್ದು ಪ್ರೇಕ್ಷಕರಿಗೆ 1.2ರಲ್ಲೇ ಗೊತ್ತು, ಅವನಿಗೆ ಗೊತ್ತಾಗುವುದು 1.3ರಲ್ಲಿ, ಮಾಟಗಾತಿಯರು ಹಾಗೆ ಕರೆದ ಮೇಲೆ. 1.2 ಬರೀ ಯುದ್ಧದ ವರದಿ ಎಂದು ಓದದೆ ದಾಟಿದವರು ಇಲ್ಲಿ ಎಡವುತ್ತಾರೆ. ಸಿನಿಮಾ ನೋಡಿದವರು ರಾಜ ಡಂಕನ್‌ನ ಕೊಲೆ ರಂಗದ ಮೇಲೇ ನಡೆಯುತ್ತದೆ ಎನ್ನುತ್ತಾರೆ, ಅದು 2.1 ಮತ್ತು 2.2ರ ನಡುವೆ, ಕಣ್ಣಿಗೆ ಕಾಣದೆ ನಡೆಯುವಂಥದ್ದು.

ಮಂಗಳವಾರ, ಬುಧವಾರ

ಇಡೀ ಎರಡು ಪಿರಿಯಡ್ 1.7ಕ್ಕೇ ಕೊಟ್ಟೆವು. ಒಂದೇ ದೃಶ್ಯಕ್ಕೆ ಇಷ್ಟು ಸಮಯ ಕೊಡಬೇಕೆಂದರೆ ಅದು ಇದಕ್ಕೇ.

‘ಮಹತ್ವಾಕಾಂಕ್ಷೆಯೇ ಅವನ ದುರಂತ ದೋಷ’ ಎಂದು ಬರೆದು ಪೆನ್ನು ಕೆಳಗಿಡುವ ಅಭ್ಯಾಸ ಬಿಡಿಸಲು ಈ ದೃಶ್ಯ ಸಾಕು. ಏಕೆಂದರೆ ಆ ಮಾತನ್ನು ಮ್ಯಾಕ್‌ಬೆತ್ ತಾನೇ ಹೇಳಿಕೊಳ್ಳುತ್ತಾನೆ. 28 ಸಾಲಿನ ಸ್ವಗತದಲ್ಲಿ ಕೊಲ್ಲಬಾರದೆನ್ನಲು ನಾಲ್ಕು ಕಾರಣಗಳಿವೆ: ಡಂಕನ್ ತನ್ನ ಬಂಧು, ತಾನು ಅವನ ಪ್ರಜೆ, ಇಂದು ಅವನು ತನ್ನ ಮನೆಗೆ ಬಂದ ಅತಿಥಿ, ಮೇಲಾಗಿ ಒಳ್ಳೆಯ ದೊರೆ. ಕೊಲ್ಲಲು ಇರುವ ಕಾರಣ ಒಂದೇ, ಮಹತ್ವಾಕಾಂಕ್ಷೆ. ಅದೂ ಮಿತಿಮೀರಿ ನೆಗೆದು ಆಚೆ ಬದಿಗೆ ಬೀಳುವಂಥದ್ದು ಎಂದು ಅವನಿಗೇ ಗೊತ್ತು. ಹಾಗಾಗಿ ತರಗತಿಗೆ ಕೇಳಬೇಕಾದದ್ದು ‘ದೋಷ ಯಾವುದು?’ ಎಂದಲ್ಲ, ‘ಇಷ್ಟು ತಿಳಿದವನು ಮುಂದೆ ಹೆಜ್ಜೆ ಇಟ್ಟದ್ದು ಹೇಗೆ?’ ಎಂದು.

ಪುಟವನ್ನು ಮೂರು ಭಾಗ ಮಾಡಿಸಿ. ಮೊದಲನೆಯದರಲ್ಲಿ ಸ್ವಗತದ ಕಾರಣಗಳು, ಎರಡನೆಯದರಲ್ಲಿ ಅವನು ಹೆಂಡತಿಗೆ ಹೇಳಿದ್ದು, ಮೂರನೆಯದರಲ್ಲಿ ಅವಳ ಉತ್ತರ. ನಡುವಿನ ಭಾಗ ತುಂಬುವಾಗ ತರಗತಿ ತಾನಾಗಿಯೇ ಚುರುಕಾಗುತ್ತದೆ: ಆ ನಾಲ್ಕರಲ್ಲಿ ಒಂದನ್ನೂ ಅವನು ಅವಳ ಮುಂದೆ ಇಡುವುದಿಲ್ಲ. ರಾಜ ಈಚೆಗೆ ಗೌರವಿಸಿದ್ದಾನೆ, ಜನರಲ್ಲಿ ಹೆಸರು ಬಂದಿದೆ, ಅಷ್ಟೇ. ಅವಳು ಉತ್ತರಿಸುವುದು ಅವನ ಧೈರ್ಯದ ಬಗ್ಗೆ, ಗಂಡಸುತನದ ಬಗ್ಗೆ. ಕೊನೆಗೆ ಅವನ ಪ್ರಶ್ನೆ ‘ಮಾಡಬಹುದೇ?’ ಎನ್ನುವುದರಿಂದ ‘ಸೋತರೆ?’ ಎನ್ನುವುದಕ್ಕೆ ಜಾರುತ್ತದೆ. ಕಾವಲುಗಾರರಿಗೆ ಕುಡಿಸುವ ಉಪಾಯ ಕೇಳಿದ ಮೇಲೆ ಒಪ್ಪಿಬಿಡುತ್ತಾನೆ. ನಮ್ಮ ಮಟ್ಟಿಗೆ ದುರಂತದ ಗಂಟು ಈ ಜಾರುವಿಕೆಯಲ್ಲೇ ಇದೆ.

ಗುರುವಾರ

ಛಂದಸ್ಸಿಗೆ 15 ನಿಮಿಷ ಮಾತ್ರ. ಡೆಸ್ಕ್ ತಟ್ಟಿ ಹತ್ತು ಸಿಲಬಲ್ ಎಣಿಸುವುದು ಸುಲಭ, ಆದರೆ ಎಣಿಕೆಗೆ ಅಂಕ ಸಿಗುವುದಿಲ್ಲ. ಲಯ ಮುರಿಯುವ ಜಾಗ ಹಿಡಿದರೆ ಸಾಕು: ಮಾಟಗಾತಿಯರ ನಾಲ್ಕು ಪೆಟ್ಟಿನ ಸಾಲು, ಮತ್ತು 5.1ರಲ್ಲಿ ಪದ್ಯ ಕಳೆದುಕೊಂಡು ಗದ್ಯದಲ್ಲಿ ತೊದಲುವ ಲೇಡಿ ಮ್ಯಾಕ್‌ಬೆತ್.

ಇದಕ್ಕೇ ನೀರಿನ ಎಳೆಯನ್ನು ಸೇರಿಸಿದೆವು. 2.2ರಲ್ಲಿ ಕೈಯ ರಕ್ತ ತೊಳೆಯಲು ಮ್ಯಾಕ್‌ಬೆತ್‌ಗೆ ಸಮುದ್ರವೇ ಸಾಲದು, ಅವನ ಹೆಂಡತಿಗೆ ಸ್ವಲ್ಪ ನೀರು ಸಾಕು, 5.1ರಲ್ಲಿ ಅರೇಬಿಯದ ಸುಗಂಧವೆಲ್ಲ ಸುರಿದರೂ ಅವಳ ಕೈಯ ವಾಸನೆ ಹೋಗದು. 3.4ರ ಔತಣದ ನಂತರ ಗಂಡ ಹೆಂಡತಿ ರಂಗದ ಮೇಲೆ ಒಟ್ಟಿಗೆ ಕಾಣಿಸಿಕೊಳ್ಳುವುದೇ ಇಲ್ಲ ಎನ್ನುವುದನ್ನೂ ಇಲ್ಲೇ ಗುರುತು ಹಾಕಿಸಬೇಕು.

ಶುಕ್ರವಾರ

ಬರವಣಿಗೆ: ಒಂದು ಪ್ಯಾರಾ, 10 ನಿಮಿಷ. ಒಂದು ವಾದ, ಆರು ಪದ ಮೀರದ ಉಲ್ಲೇಖ, ಆ ಮಾತು ಆ ಕ್ಷಣದಲ್ಲಿ ಯಾರ ಮೇಲೆ ಏನು ಪರಿಣಾಮ ಮಾಡಿತು, ಬೇರೆ ಅಂಕದಿಂದ ಒಂದು ಕೊಂಡಿ. ಕೆಡುವುದು ಉಲ್ಲೇಖದ ಮರುವಾಕ್ಯದಲ್ಲಿ, ಅಲ್ಲಿ ಕಥೆ ಹೇಳಲು ಶುರುಮಾಡುತ್ತಾರೆ. ಆ ವಾಕ್ಯವನ್ನು ‘ಬಿಕಾಸ್’ ಬಳಸಿಯೇ ಬರೆಯಬೇಕೆಂದು ಕಟ್ಟುಮಾಡಿದರೆ ಬಹಳಷ್ಟು ಸುಧಾರಿಸುತ್ತದೆ. ಉದ್ದುದ್ದ ಬಾಯಿಪಾಠ ಮಾಡಿದವರು ಅದನ್ನು ತುರುಕಲು ವಾದವನ್ನೇ ಬಗ್ಗಿಸುತ್ತಾರೆ. ಅವರಿಗೆ ಒಂದೇ ಸಾಲನ್ನು ಎರಡು ಬೇರೆ ವಾದಗಳಿಗೆ ಬಳಸುವ ಕೆಲಸ ಕೊಡಿ.

ಬಾಕಿ ಉಳಿದದ್ದು 4.3. ಉದ್ದವೆಂದು ಎಲ್ಲರೂ ಹಾರಿಸುವ ದೃಶ್ಯ, ಆದರೆ ರಾಜನಿಗಿರಬೇಕಾದ 12 ಗುಣಗಳನ್ನು ಡಂಕನ್‌ನ ಮಗ ಮಾಲ್ಕಮ್ ಹೆಸರಿಸುವುದು ಅಲ್ಲಿಯೇ. ಮುಂದಿನ ತರಗತಿಗೆ ಆ 12ನ್ನು ಬೋರ್ಡಿನ ಮೇಲೆ ಬರೆದು, ಡಂಕನ್ ಮತ್ತು ಮ್ಯಾಕ್‌ಬೆತ್ ಇಬ್ಬರಿಗೂ ದೃಶ್ಯಸಂಖ್ಯೆಯ ಸಾಕ್ಷಿಯೊಂದಿಗೆ ಟಿಕ್ ಹಾಕಿಸುವುದು. ಸಾಕ್ಷಿ ಇಲ್ಲದ ಟಿಕ್ ಅಳಿಸಬೇಕು.