ಕ್ಯುಪರ್ಟಿನೊದಲ್ಲಿ ಮತ್ತೊಮ್ಮೆ ಓದಿದ ರಾಜ್ಯಶಾಸ್ತ್ರ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಯಾವ ಕಾಲೇಜಿನ ನೆನಪುಗಳನ್ನು ಬರೆಯಲಿ ಎಂಬ ಪ್ರಶ್ನೆ ನನಗೆ ಎದುರಾಯಿತು. ಇಲ್ಲಿ ನಾನು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಆಯ್ದುಕೊಂಡು ಬಿ.ಎ. ಮೊದಲ ವರ್ಷವನ್ನಷ್ಟೇ ಮುಗಿಸಿದವಳು; ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಅದೇ ರಾಜ್ಯಶಾಸ್ತ್ರವನ್ನು ಕ್ಯುಪರ್ಟಿನೊ ಪಟ್ಟಣದ ಡಿ ಆಂಜಾ ಕಾಲೇಜಿನಲ್ಲಿ ಮೊದಲಿನಿಂದ ಓದಿದೆ. ಕಲಾ ವಿಭಾಗದ ಈಗಿನ ವಿದ್ಯಾರ್ಥಿಗಳು, ಅದರಲ್ಲೂ ಹೊರದೇಶಕ್ಕೆ ಹೋಗುವ ಸಾಧ್ಯತೆಯಿರುವ ಹೆಣ್ಣುಮಕ್ಕಳು, 'ನಮ್ಮ ವಿಷಯಕ್ಕೆ ಅಲ್ಲಿ ಬೆಲೆಯಿದೆಯೇ' ಎಂದು ಕೇಳುತ್ತಿರುತ್ತಾರೆಂದು ನಮ್ಮ ಮೇಷ್ಟ್ರು ಹೇಳಿದ್ದರಿಂದ, ಆ ಎರಡನೆಯ ಕಾಲೇಜಿನ ಬಗ್ಗೆಯೇ ಬರೆಯುತ್ತಿದ್ದೇನೆ.

ಡಿ ಆಂಜಾ ಒಂದು ಕಮ್ಯುನಿಟಿ ಕಾಲೇಜು. ಕಮ್ಯುನಿಟಿ ಕಾಲೇಜೆಂದರೆ ನಮ್ಮ ಪಿಯು ಕಾಲೇಜೂ ಅಲ್ಲ, ಪಾಲಿಟೆಕ್ನಿಕ್ಕೂ ಅಲ್ಲ. ಅಮೆರಿಕದ ನಾಲ್ಕು ವರ್ಷಗಳ ಪದವಿಯ ಮೊದಲೆರಡು ವರ್ಷಗಳನ್ನು ಕಡಿಮೆ ಖರ್ಚಿನಲ್ಲಿ ಮುಗಿಸಿಕೊಂಡು, ಉಳಿದೆರಡನ್ನು ವಿಶ್ವವಿದ್ಯಾಲಯದಲ್ಲಿ ಓದಲು ದಾರಿ ಮಾಡಿಕೊಡುವ ಸಾರ್ವಜನಿಕ ಕಾಲೇಜು ಅದು. ಜೊತೆಗೆ ನರ್ಸಿಂಗ್, ವಾಹನ ರಿಪೇರಿಯಂತಹ ಕಸುಬಿನ ಶಿಕ್ಷಣವೂ ಅಲ್ಲಿರುತ್ತದೆ. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಈ ಪದ್ಧತಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದಷ್ಟು ಬೇರೆಲ್ಲೂ ಬೆಳೆಯಲಿಲ್ಲ. ಆ ಒಂದು ರಾಜ್ಯದಲ್ಲೇ ಇಂತಹ 116 ಕಾಲೇಜುಗಳಿವೆ. 1960ರಲ್ಲಿ ಅಲ್ಲಿನ ಸರ್ಕಾರ ಒಪ್ಪಿದ ಉನ್ನತ ಶಿಕ್ಷಣ ಯೋಜನೆಯ ಪ್ರಕಾರ, ಓದಿನಿಂದ ಪ್ರಯೋಜನ ಪಡೆಯಬಲ್ಲ ಯಾರಿಗೇ ಆಗಲಿ ಇವುಗಳ ಬಾಗಿಲು ತೆರೆದಿರಬೇಕು. ಕಟ್‌ಆಫ್ ಎಂಬ ಮಾತೇ ಇಲ್ಲ. 1967ರಲ್ಲಿ ಶುರುವಾದ ಡಿ ಆಂಜಾದಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಸೇನೆಯಿಂದ ಬಿಡುಗಡೆಯಾಗಿ ಸರ್ಕಾರದ ಹಣದಲ್ಲಿ ಓದುತ್ತಿದ್ದ ಮೂವತ್ತೈದರ ಆಸುಪಾಸಿನವರು. ಹಿಂದಿನ ಸಾಲಿನಲ್ಲಿ ಹೈಸ್ಕೂಲು ಮುಗಿಸಿದ ವಿಯೆಟ್ನಾಂ ಮೂಲದ ಹುಡುಗಿಯೊಬ್ಬಳಿದ್ದಳು. ಹೋಟೆಲಿನ ಪಾಳಿ ಮುಗಿಸಿ ಬಂದು ತರಗತಿಯಲ್ಲೇ ಊಟ ಮಾಡುತ್ತಿದ್ದ ಮೆಕ್ಸಿಕೊ ಮೂಲದ ತಾಯಿಯೊಬ್ಬರಿದ್ದರು.

ಖರ್ಚಿನ ವಿಷಯವನ್ನು ಬಿಡಿಸಿ ಹೇಳುವುದು ಒಳ್ಳೆಯದು. ಎಚ್-4 ವೀಸಾದಲ್ಲಿ, ಅಂದರೆ ಉದ್ಯೋಗಿಯ ಅವಲಂಬಿತೆಯಾಗಿ ಹೋದವರು ಓದಬಹುದು. ದುಡಿಯಲು ಮಾತ್ರ ಪ್ರತ್ಯೇಕ ಪರವಾನಗಿ ಬೇಕು, ಅದೂ ಕಾಯಂ ವಾಸಕ್ಕೆ ಅನುಮತಿ ಕೊಡುವ ಗ್ರೀನ್ ಕಾರ್ಡಿನ ಸರದಿಯಲ್ಲಿರುವ ಕೆಲವರ ಸಂಗಾತಿಗಳಿಗೆ 2015ರಿಂದಷ್ಟೇ ಸಿಗುತ್ತಿದೆ. ರಾಜ್ಯದಲ್ಲಿ ಒಂದು ವರ್ಷ ನೆಲೆಸಿದ ಮೇಲೆ ಇಂತಹವರನ್ನೂ ಸ್ಥಳೀಯ ನಿವಾಸಿಗಳೆಂದು ಪರಿಗಣಿಸುತ್ತಾರೆ, ಆಗ ಶುಲ್ಕ ಹಲವು ಪಟ್ಟು ಇಳಿಯುತ್ತದೆ. ಡಿ ಆಂಜಾದಲ್ಲಿ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ (ನಮ್ಮ ಕ್ರೆಡಿಟ್ಟಿನಂತೆ ಪಾಠದ ಪ್ರಮಾಣವನ್ನು ಅಳೆಯುವ ಲೆಕ್ಕ) 31 ಡಾಲರ್, ನಾಲ್ಕು ಯೂನಿಟ್ಟಿನ ಒಂದು ವಿಷಯಕ್ಕೆ 124 ಡಾಲರ್. ಈ ಕಾರಣಕ್ಕೆ ನಾನು ಮೊದಲ ವರ್ಷ ಕಾಲೇಜಿಗೆ ಸೇರದೆ ಕಾದು, 23ನೇ ನಂಬರಿನ ಬಸ್ಸು ಹತ್ತಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಕೂತು ಬರುತ್ತಿದ್ದೆ.

ಮೊದಲು ತೆಗೆದುಕೊಂಡದ್ದು ಅಮೆರಿಕದ ಸರ್ಕಾರ ಮತ್ತು ರಾಜಕೀಯ ಎಂಬ ವಿಷಯ. ಅಮೆರಿಕದ ಹೊಸ ಸಂವಿಧಾನಕ್ಕೆ ಜನರನ್ನು ಒಪ್ಪಿಸಲು 1787ರಲ್ಲಿ ಅದರ ರೂವಾರಿಗಳಲ್ಲೊಬ್ಬರಾದ ಜೇಮ್ಸ್ ಮ್ಯಾಡಿಸನ್ ಬರೆದ, ಬಣಗಳ ಕಾಟವನ್ನು ಕುರಿತ ಪ್ರಬಂಧವನ್ನು ಓದಿಸಿದರು. ಬಣಗಳನ್ನು ಇಲ್ಲವಾಗಿಸಲು ಸಾಧ್ಯವಿಲ್ಲ, ಗಣರಾಜ್ಯವನ್ನು ವಿಸ್ತಾರವಾಗಿಸಿ ಯಾವ ಬಣವೂ ಮೇಲುಗೈ ಸಾಧಿಸದಂತೆ ನೋಡಿಕೊಳ್ಳಬಹುದಷ್ಟೇ ಎಂಬುದು ಅದರ ವಾದ. ದಿನಪತ್ರಿಕೆಯಲ್ಲಿ ಬಣ ರಾಜಕೀಯದ ಸುದ್ದಿ ಓದಿಕೊಂಡೇ ಬೆಳೆದ ನನಗೆ ಅದನ್ನು ಅರ್ಥಮಾಡಿಕೊಳ್ಳುವುದು ಸಹಪಾಠಿಗಳಿಗಿಂತ ಸುಲಭವಾಯಿತೆಂದು ಈಗಲೂ ಅನ್ನಿಸುತ್ತದೆ.

ಆದರೆ ಆ ವಿಷಯದ ತಿರುಳು ಪುಸ್ತಕದಾಚೆ ಇತ್ತು. ಒಂದು ವಾರ ಉಪನ್ಯಾಸಕರು, ಒಂದೇ ಬೀದಿಯಲ್ಲಿರುವ ಒಂದೇ ಅಳತೆಯ ಎರಡು ಮನೆಗಳ ಆಸ್ತಿ ತೆರಿಗೆಯನ್ನು ಸಾರ್ವಜನಿಕ ದಾಖಲೆಯಲ್ಲಿ ಹುಡುಕಿ ಬರೆದುಕೊಂಡು ಬರುವಂತೆ ಹೇಳಿದರು. ಹೊಸದಾಗಿ ಕೊಂಡವರ ತೆರಿಗೆ, ದಶಕಗಳಿಂದ ಇರುವ ಪಕ್ಕದ ಮನೆಯವರದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕಾರಣ, 1978ರಲ್ಲಿ ಮತದಾರರೇ ನೇರವಾಗಿ ಅಂಗೀಕರಿಸಿದ 13ನೇ ಪ್ರಸ್ತಾವ: ಮೂಲ ತೆರಿಗೆ ಮನೆಯ ನಿಗದಿತ ಮೌಲ್ಯದ ಶೇ. 1ನ್ನು ಮೀರುವಂತಿಲ್ಲ, ಆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ, ಮಾರಾಟವಾದಾಗ ಅದು ಪೇಟೆಯ ಬೆಲೆಗೆ ಬರುತ್ತದೆ. ವಯಸ್ಸಾದವರು ತೆರಿಗೆ ಕಟ್ಟಲಾರದೆ ಮನೆ ಕಳೆದುಕೊಳ್ಳಬಾರದೆಂಬ ವಾದವೂ, ಶಾಲೆಗಳಿಗೆ ಬರುವ ಸ್ಥಳೀಯ ಹಣ ಕುಸಿಯಿತೆಂಬ ವಾದವೂ ಆ ಎರಡು ಅಂಕಿಗಳ ನಡುವೆಯೇ ಇದ್ದವು. ಶಾಸನ ಮಾಡುವ ಅಧಿಕಾರವನ್ನು 1911ರಿಂದ ಪ್ರಜೆಗಳ ಕೈಗೂ ಕೊಟ್ಟಿರುವ ರಾಜ್ಯದಲ್ಲಿ ಪ್ರಜೆಗಳು ಏನು ಮಾಡಬಲ್ಲರು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಕಲಿಸಿಲ್ಲ.

ಮತ್ತೊಂದು ಮನೆಗೆಲಸವೆಂದರೆ ನಗರ ಪರಿಷತ್ತಿನ ಒಂದು ಸಭೆಗೆ ಹೋಗಿ ವರದಿ ಬರೆಯುವುದು. ಕ್ಯುಪರ್ಟಿನೊದ ಪರಿಷತ್ತಿನಲ್ಲಿ ಐವರೇ ಸದಸ್ಯರು. ಗ್ರಂಥಾಲಯದ ಪಕ್ಕದ ಸಮುದಾಯ ಭವನದಲ್ಲಿ ಸಭೆ. ಮಾತನಾಡಬಯಸುವವರು ಚೀಟಿ ಬರೆದುಕೊಡುತ್ತಾರೆ, ಹೆಸರು ಕೂಗಿದಾಗ ಮೈಕಿನ ಮುಂದೆ ನಿಲ್ಲುತ್ತಾರೆ, ಕೊಟ್ಟ ಕೆಲವು ನಿಮಿಷಗಳಲ್ಲಿ ಹೇಳಬೇಕಾದ್ದನ್ನು ಹೇಳಿ ಕೂರುತ್ತಾರೆ. ಎಲ್ಲರೂ ಮೇಯರನ್ನು ನೋಡುತ್ತಿದ್ದರೆ ನನ್ನ ಕಣ್ಣು ಪಕ್ಕದ ಮೇಜಿನ ಮೇಲಿತ್ತು. ಅಲ್ಲಿ ಕುಳಿತಿದ್ದ ಮಹಿಳೆ ಹಾಜರಿ ಕೂಗುತ್ತಿದ್ದರು, ಚೀಟಿಗಳನ್ನು ಸರದಿಗೆ ಜೋಡಿಸುತ್ತಿದ್ದರು, ಠರಾವಿನ ಒಂದು ಸಾಲಿನ ಬಗ್ಗೆ ಗೊಂದಲವಾದಾಗ ಸದಸ್ಯರೆಲ್ಲರೂ ಅವರ ಕಡೆಗೇ ತಿರುಗುತ್ತಿದ್ದರು. ಅವರು ನಗರದ ಕ್ಲರ್ಕ್. ಈ ಹುದ್ದೆಯನ್ನು ನಮ್ಮ ಕಚೇರಿಗಳ ಗುಮಾಸ್ತಗಿರಿ ಎಂದುಕೊಳ್ಳಬಾರದು. ಪಟ್ಟಣದ ದಾಖಲೆ, ಚುನಾವಣೆ, ಸಭೆಯ ನಡಾವಳಿ ಮೂರಕ್ಕೂ ಕಾನೂನಿನ ಪ್ರಕಾರ ಅವರೇ ಹೊಣೆ.

ಆ ಮೇಜಿನ ಹಿಂದೆ ಎಷ್ಟು ರಾಜ್ಯಶಾಸ್ತ್ರವಿದೆ ಎಂಬುದು ನಂತರದ ತರಗತಿಗಳಲ್ಲಿ ತಿಳಿಯಿತು. ಸ್ಥಳೀಯ ಸಂಸ್ಥೆಗಳ ಸಭೆಗಳನ್ನು ಕುರಿತ ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಸಾರ್ವಜನಿಕರಿಗೆ ಕಾಣುವಂತೆ ಹಾಕಬೇಕು. ಅದರಲ್ಲಿಲ್ಲದ ವಿಷಯದ ಮೇಲೆ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ನಿರ್ಣಯ ಕೈಗೊಳ್ಳುವಂತಿಲ್ಲ. ಐವರ ಪರಿಷತ್ತಿನಲ್ಲಿ ಮೂವರು ಸಭೆಯ ಹೊರಗೆ ಪಟ್ಟಣದ ವ್ಯವಹಾರ ಚರ್ಚಿಸಿದರೂ ಅದು ಉಲ್ಲಂಘನೆ. ಯಾರೋ ಒಬ್ಬರ ಮನೆಯ ಊಟದಲ್ಲೇ ಎಲ್ಲವೂ ತೀರ್ಮಾನವಾಗಿ, ಸಭೆಯಲ್ಲಿ ಕೈಯೆತ್ತುವುದಷ್ಟೇ ಉಳಿದಿರುವ ವ್ಯವಸ್ಥೆಯನ್ನು ಕಂಡವರಿಗೆ ಈ ಕಾಯ್ದೆಯ ಬೆಲೆ ಗೊತ್ತಾಗುತ್ತದೆ.

ತುಲನಾತ್ಮಕ ರಾಜಕೀಯದ ತರಗತಿಯಲ್ಲಿ ನನಗೆ ಹೇಳಲು ನಮ್ಮದೇ ಒಂದು ಸಂಗತಿ ಸಿಕ್ಕಿತು. ಅಧಿಕಾರ ವಿಕೇಂದ್ರೀಕರಣದ ಪ್ರಬಂಧಕ್ಕೆ ನಾನು ಆಯ್ದುಕೊಂಡದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರದ 1983ರ ಪಂಚಾಯತ್ ಕಾಯ್ದೆ ಮತ್ತು ಅದರ ಬೆನ್ನಿಗಿದ್ದ ಸಚಿವ ಅಬ್ದುಲ್ ನಜೀರ್ ಸಾಬರನ್ನು. ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದು ಹೆಸರಾದ ಅವರು ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯತಿಗೂ ಕೊಡಿಸಿದ ಅಧಿಕಾರ, 1987ರ ಚುನಾವಣೆ, ಮಹಿಳೆಯರಿಗೆ ಶೇ. 25ರ ಮೀಸಲಾತಿ, ಇವೆಲ್ಲ ಪಂಚಾಯತ್‌ಗಳನ್ನು ಕುರಿತ ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬರುವುದಕ್ಕೆ ಮೊದಲೇ ಕರ್ನಾಟಕದಲ್ಲಿ ನಡೆದಿದ್ದವು. ಆ ತರಗತಿಯ ಉಪನ್ಯಾಸಕರು ಪ್ರಬಂಧವನ್ನು ಹಿಂದಿರುಗಿಸುತ್ತಾ ಇದನ್ನು ಇಡೀ ತರಗತಿಗೆ ಹೇಳುವಂತೆ ಕೇಳಿದರು. ನಮ್ಮಲ್ಲಿ ಅತಿಥಿ ಉಪನ್ಯಾಸಕರೆನ್ನುತ್ತೇವಲ್ಲ, ಅವರೂ ಅಂತಹವರೇ. ಬೆಳಿಗ್ಗೆ ಒಂದು ಕಾಲೇಜು, ಸಂಜೆ ನಲವತ್ತು ಮೈಲಿಯಾಚೆಯ ಇನ್ನೊಂದು ಕಾಲೇಜು, ನಡುವೆ ಕಾರಿನಲ್ಲೇ ಉತ್ತರಪತ್ರಿಕೆಗಳು. ಕಮ್ಯುನಿಟಿ ಕಾಲೇಜಿನಲ್ಲಿ ಪಾಠ ಮಾಡಲು ರಾಜ್ಯಶಾಸ್ತ್ರದ ಎಂ.ಎ. ಸಾಕು, ಪಿಎಚ್.ಡಿ. ಬೇಕಿಲ್ಲವೆಂದು ಕೇಳಿ ಆಸೆಪಡುವವರು ಈ ಅರೆಕಾಲಿಕ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಉದ್ಯೋಗದ ಮಾತು. ಎರಡು ವರ್ಷದ ಅಸೋಸಿಯೇಟ್ ಪದವಿಯೊಂದರಿಂದಲೇ ರಾಜ್ಯಶಾಸ್ತ್ರದವರಿಗೆ ಒಳ್ಳೆಯ ಕೆಲಸ ಸಿಗುತ್ತದೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅದು ಮುಂದಿನ ಓದಿಗೆ ಟಿಕೆಟ್ಟು. ಕ್ಯಾಲಿಫೋರ್ನಿಯಾದಲ್ಲಿ 2010ರ ಒಂದು ಕಾನೂನಿನಿಂದಾಗಿ, ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿ ಪಡೆದವರಿಗೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯ ಯಾವುದಾದರೊಂದು ಕ್ಯಾಂಪಸ್ಸಿನಲ್ಲಿ ಮೂರನೆಯ ವರ್ಷಕ್ಕೆ ಜಾಗ ಖಚಿತ. ಇಂಥದ್ದೇ ಕ್ಯಾಂಪಸ್ಸು ಎಂಬ ಖಾತ್ರಿಯಿಲ್ಲ. ರಾಜ್ಯದ ಇನ್ನೊಂದು ಸಾರ್ವಜನಿಕ ವ್ಯವಸ್ಥೆಯಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳಲ್ಲಿ ಆರು ನಿಗದಿತ ಅಂಕಗಳಿದ್ದವರಿಗೆ ಪ್ರವೇಶದ ಭರವಸೆ ಕೊಡುತ್ತವೆ. ಹೆಸರಾಂತ ಬರ್ಕ್ಲಿ ಕ್ಯಾಂಪಸ್ಸು ಆ ಪಟ್ಟಿಯಲ್ಲಿಲ್ಲ. ನಾನು ಮನೆಗೆ ಹತ್ತಿರವೆಂದು ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಬಿ.ಎ. ಮುಗಿಸಿದೆ.

ನನ್ನ ಜೊತೆ ಓದಿದವರಲ್ಲಿ ಒಬ್ಬರು ಕಾನೂನು ಓದಿದರು; ಅಲ್ಲಿ ಯಾವುದಾದರೊಂದು ಪದವಿಯ ಮೇಲೆ ಮತ್ತೆ ಮೂರು ವರ್ಷ. ಒಬ್ಬಳು ಶಾಸಕರ ಕ್ಷೇತ್ರ ಕಚೇರಿಯಲ್ಲಿದ್ದಾಳೆ: ಪಿಂಚಣಿ ನಿಂತವರು, ಪರವಾನಗಿ ಸಿಗದವರು ಫೋನು ಮಾಡಿದಾಗ ಸಂಬಂಧಪಟ್ಟ ಇಲಾಖೆಗೆ ಬರೆದು, ಉತ್ತರ ಬರುವವರೆಗೂ ಬೆನ್ನು ಬಿಡದಿರುವುದು ಅವಳ ಕೆಲಸ. ಆ ಮಾಜಿ ಸೈನಿಕರು ಕಾರ್ಮಿಕ ಸಂಘದ ಸಂಘಟಕರಾದರು. ಇನ್ನು ಕೆಲವರು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂತಹ ಆಡಳಿತ ಘಟಕದ, ಚುನಾವಣಾ ಕಚೇರಿಗೆ ಹಂಗಾಮಿಯಾಗಿ ಸೇರಿ, ಅಂಚೆಯಲ್ಲಿ ಬಂದ ಮತಪತ್ರದ ಲಕೋಟೆಯ ಮೇಲಿನ ಸಹಿಯನ್ನು ಕಡತದ ಸಹಿಯೊಂದಿಗೆ ಹೋಲಿಸುವ ಕೆಲಸದಿಂದ ಶುರುಮಾಡಿ ಕಾಯಂ ಆದರು. ಅಮೆರಿಕದ ಕೇಂದ್ರ ಸರ್ಕಾರದ ಬಹುತೇಕ ಹುದ್ದೆಗಳು ಮತ್ತು ವಿದೇಶಾಂಗ ಸೇವೆ ಪೌರತ್ವ ಪಡೆದವರಿಗೆ ಮಾತ್ರ ಮೀಸಲು. ನಮ್ಮವರು ಇದನ್ನು ಮೊದಲೇ ತಿಳಿದಿರಬೇಕು. ಮತಗಟ್ಟೆಯ ಕೆಲಸಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಗ್ರೀನ್ ಕಾರ್ಡಿನವರನ್ನೂ ತೆಗೆದುಕೊಳ್ಳುತ್ತಾರೆ, ನಾನು ಒಳಹೊಕ್ಕದ್ದೂ ಆ ಬಾಗಿಲಿನಿಂದಲೇ.

ಚುನಾವಣೆಯಲ್ಲಿ ಗೆಲ್ಲಲು ರಾಜ್ಯಶಾಸ್ತ್ರ ಓದಬೇಕಾಗಿಲ್ಲ ಎಂಬುದನ್ನೂ ಹೇಳಿಬಿಡಬೇಕು. 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರಾದ ದಲೀಪ್ ಸಿಂಗ್ ಸೌಂದ್ ಗಣಿತದಲ್ಲಿ ಪಿಎಚ್.ಡಿ. ಮಾಡಿ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿದವರು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದು 2022ರಲ್ಲಿ ಮಿಷಿಗನ್ನಿನಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದ ಶ್ರೀ ಥಾಣೇದಾರರು ರಸಾಯನಶಾಸ್ತ್ರದವರು. ಗೆದ್ದವರ ಕಚೇರಿಯನ್ನು ಕಾನೂನಿನ ಚೌಕಟ್ಟಿನೊಳಗೆ ನಡೆಸಲು ಮಾತ್ರ ಈ ವಿಷಯ ಓದಿದವರು ಬೇಕು, ಮತ್ತು ಅಂತಹ ಕುರ್ಚಿಗಳ ಸಂಖ್ಯೆ ಗೆದ್ದವರ ಕುರ್ಚಿಗಳಿಗಿಂತ ಬಹಳ ಹೆಚ್ಚು.

ಈಗ ನಾನು ಸ್ಯಾಂಟಾ ಕ್ಲಾರಾ ಕೌಂಟಿಯ ಸಣ್ಣ ಪಟ್ಟಣವೊಂದರಲ್ಲಿ ಉಪ ಕ್ಲರ್ಕ್. ದಾಖಲೆ ಕೇಳಿ ಅರ್ಜಿ ಬಂದರೆ, ಅದನ್ನು ಕೊಡಲು ಬರುತ್ತದೆಯೇ ಎಂಬುದನ್ನು 10 ದಿನಗಳಲ್ಲಿ ತಿಳಿಸಬೇಕು. ನಮ್ಮ ಮಾಹಿತಿ ಹಕ್ಕು ಕಾಯ್ದೆಯಲ್ಲಿ 30 ದಿನ. ಚುನಾವಣೆಯ ವರ್ಷ ಬಂತೆಂದರೆ ನಾಮಪತ್ರಗಳ ಕಾಲ. ಪರಿಷತ್ತಿಗೆ ಸ್ಪರ್ಧಿಸುವವರು ಆ ಪಟ್ಟಣದ ನೋಂದಾಯಿತ ಮತದಾರರಿಂದ ಕನಿಷ್ಠ 20, ಗರಿಷ್ಠ 30 ಸಹಿ ತರಬೇಕು. ಒಮ್ಮೆ ಕನ್ನಡದವರೇ ಒಬ್ಬರು ಉತ್ಸಾಹದಿಂದ ಬಂದು, ಕೌಂಟರಿನಾಚೆ ನನ್ನನ್ನು ಕಂಡು "ಅಕ್ಕಾ, ನೀವಿದ್ದೀರಿ ಅಂದ ಮೇಲೆ ನಿಶ್ಚಿಂತೆ" ಎಂದರು. ಸಹಿಗಳನ್ನು ಕೌಂಟಿಯ ಕಚೇರಿಯವರು ತಾಳೆ ನೋಡಿದಾಗ ಅರ್ಧದಷ್ಟು ಬಿದ್ದುಹೋದವು; ಕನ್ನಡ ಕೂಟದ ಊಟದಲ್ಲಿ ಸಹಿ ಹಾಕಿದವರಲ್ಲಿ ಹಲವರು ಬೇರೆ ಊರುಗಳಾದ ಸನಿವೇಲ್, ಮಿಲ್ಪಿಟಾಸ್‌ನವರು, ಕೆಲವರಿಗೆ ಮತದಾನದ ಹಕ್ಕೇ ಇರಲಿಲ್ಲ. ಎಲ್ಲರಿಗೂ ಕೊಡುವ ನೋಟಿಸನ್ನೇ ಅವರಿಗೂ ಕೊಟ್ಟೆ. ಕೊನೆಯ ದಿನ ಕಚೇರಿ ಮುಚ್ಚುವುದರೊಳಗೆ ಅವರು ತಮ್ಮ ಬೀದಿಯ ಮನೆಮನೆಗೂ ಹೋಗಿ ಸಾಕಷ್ಟು ಸಹಿ ತಂದರು. ಆ ಚುನಾವಣೆಯಲ್ಲಿ ಸೋತರು, ಆದರೆ ಈಗ ಪ್ರತಿ ಸಭೆಗೂ ಬಂದು ಚೀಟಿ ಬರೆದು ಮಾತನಾಡುತ್ತಾರೆ.

ಹೋಗುವ ವಿಚಾರವಿದ್ದವರು ಇಲ್ಲಿಂದಲೇ ಮಾಡಿಕೊಂಡು ಹೋಗಬೇಕಾದ ಕೆಲಸವೊಂದಿದೆ. ಪಿಯುಸಿ ಮತ್ತು ಪದವಿಯ ಅಂಕಪಟ್ಟಿಗಳ ಅಧಿಕೃತ ಪ್ರತಿಗಳನ್ನು ಮೊಹರು ಹಾಕಿದ ಲಕೋಟೆಯಲ್ಲಿ, ಒಂದಕ್ಕಿಂತ ಹೆಚ್ಚು ಪ್ರತಿ, ವಿಶ್ವವಿದ್ಯಾಲಯದಿಂದ ಪಡೆದುಕೊಳ್ಳಿ. ಓದಿದ ವಿಷಯಗಳ ಪಠ್ಯಕ್ರಮವನ್ನೂ ಜೊತೆಗಿಟ್ಟುಕೊಳ್ಳಿ. ಅಲ್ಲಿನ ಮೌಲ್ಯಮಾಪನ ಸಂಸ್ಥೆಗಳು ಅವನ್ನು ನೋಡಿ ಯೂನಿಟ್ಟುಗಳಾಗಿ ಪರಿವರ್ತಿಸುತ್ತವೆ. ನಾನು ಇಲ್ಲಿ ಓದಿದ ಮೊದಲ ವರ್ಷದ ಇತಿಹಾಸ, ಅರ್ಥಶಾಸ್ತ್ರಗಳು ಹೀಗೆಯೇ ಲೆಕ್ಕಕ್ಕೆ ಬಂದವು, ಆದರೆ ಆ ಲಕೋಟೆಗಾಗಿ ನನ್ನ ತಮ್ಮ ಇಲ್ಲಿನ ಕಚೇರಿಯ ಕಿಟಕಿಯಿಂದ ಕಿಟಕಿಗೆ ಎಷ್ಟು ಸಲ ಅಲೆದನೆಂಬುದನ್ನು ಅವನು ಇಂದಿಗೂ ಹಬ್ಬದ ದಿನ ಫೋನಿನಲ್ಲಿ ನೆನಪಿಸುತ್ತಾನೆ.