ಸ್ವವಿವರದ ಸಾಲಿನಲ್ಲಿ ಒಂದು ಚೆಕ್ ಕ್ರಿಯಾಪದ

ಮೊನ್ನೆಯ ಚೆಕ್ ಭಾಷೆಯ ಪಾಠ ಸ್ವವಿವರ ಬರೆಯುವುದರ ಬಗ್ಗೆ. ‘ಕೋರ್ಸ್ ಮುಗಿಸಿದೆ’ ಎಂಬ ಸಾಲಿಗೇ ಸಂಜೆಯ ಬಹುಪಾಲು ಹೋಯಿತು. ಅಲ್ಲಿ ಬೇಕಾದ ಕ್ರಿಯಾಪದ ‘ಅಪ್ಸೊಲ್ವೊವತ್’. ಬರೆಯುವಾಗ ‘ಬ್’, ಆಡುವಾಗ ಮುಂದಿನ ‘ಸ’ಕಾರದಿಂದಾಗಿ ‘ಪ್’.

ಮೂಲ ಲ್ಯಾಟಿನ್ನಿನ ‘ಅಬ್ಸೊಲ್ವೆರೆ’: ಬಿಡಿಸು, ದೋಷಮುಕ್ತಗೊಳಿಸು, ಪೂರೈಸು. ಚೆಕ್ಕಿನಲ್ಲಿ ಬಳಕೆಗೆ ನಿಂತದ್ದು ಪೂರೈಸುವ ಅರ್ಥ. ಶಾಲೆ ಮುಗಿಸಿದರೂ ಇದೇ, ಆಪರೇಷನ್ನಿಗೆ ಒಳಗಾದರೂ ಇದೇ. ಊಟ ಮುಗಿಸಿದ್ದಕ್ಕೆ ಮಾತ್ರ ಬಳಸಬಾರದು.

ಎರವಲು ಪದಕ್ಕೆ ಕನ್ನಡ ‘ಇಸು’ ಹಚ್ಚಿ ಖರೀದಿಸು, ಆರಂಭಿಸು ಎನ್ನುವಂತೆ ಚೆಕ್ ‘ಒವತ್’ ಹಚ್ಚುತ್ತದೆ. ವರ್ತಮಾನದಲ್ಲಿ ‘ಒವ’ ಹೋಗಿ ‘ಉಯ್’ ಬರುತ್ತದೆ: ಅಪ್ಸೊಲ್ವುಯಿ (ನಾನು), ಅಪ್ಸೊಲ್ವುಯೆಶ್ (ನೀನು), ಅಪ್ಸೊಲ್ವುಯೆ (ಅವನು, ಅವಳು), ಅಪ್ಸೊಲ್ವುಯೆಮೆ (ನಾವು), ಅಪ್ಸೊಲ್ವುಯೆತೆ (ನೀವು), ಅಪ್ಸೊಲ್ವುಯೀ (ಅವರು). ‘ದ್ಯೆಲಾಮ್’, ಅಂದರೆ ‘ಮಾಡುತ್ತೇನೆ’, ಮೊದಲೇ ಬಾಯಿಗೆ ಕೂತಿರುವುದರಿಂದ ಹಲವರು ‘ಅಪ್ಸೊಲ್ವೊವಾಮ್’ ಎಂದುಬಿಡುತ್ತಾರೆ. ಅಂಥ ರೂಪವೇ ಇಲ್ಲ. ‘ನಾನು’ ಮತ್ತು ‘ಅವರು’ ರೂಪಗಳಿಗೆ ಇರುವ ವ್ಯತ್ಯಾಸ ಕೊನೆಯ ಹ್ರಸ್ವ–ದೀರ್ಘ ಮಾತ್ರ. ಕನ್ನಡದ ಕಿವಿಗೆ ಅದು ಸಲೀಸು. ಆಡುಮಾತಿನಲ್ಲಿ ‘ಅಪ್ಸೊಲ್ವುಯು’, ‘ಅಪ್ಸೊಲ್ವುಯೌ’ ಎಂದೂ ಕೇಳುತ್ತದೆ.

ನಮ್ಮವರು ನಿಜಕ್ಕೂ ಎಡವುವುದು ಭೂತಕಾಲದಲ್ಲಿ. ‘ಮುಗಿಸಿದೆ’ ಎಂದರೆ ‘ನಾನು’ ಅದರಲ್ಲೇ ಬಂತು, ಗಂಡು ಹೆಣ್ಣೆಂಬ ಭೇದವೂ ಇಲ್ಲ. ಚೆಕ್ಕಿನಲ್ಲಿ ಗಂಡಸು ‘ಅಪ್ಸೊಲ್ವೊವಲ್ ಸೆಮ್’, ಹೆಂಗಸು ‘ಅಪ್ಸೊಲ್ವೊವಲ ಸೆಮ್’ ಎನ್ನಬೇಕು (ಕೊನೆಯ ‘ಲ’ ಹ್ರಸ್ವವಾಗಿಯೇ ಇರಲಿ). ‘ನಾನು’ ಎಂದು ಸೂಚಿಸುವ ಸಹಾಯಕ ಪದ ‘ಸೆಮ್’ ಬಿಟ್ಟರೆ ಮುಗಿಸಿದ್ದು ನೀವಲ್ಲ, ಬೇರೆ ಯಾರೋ. ಅದು ವಾಕ್ಯದ ಎರಡನೆಯ ಸ್ಥಾನವನ್ನು ಬಿಟ್ಟು ಕದಲುವುದೂ ಇಲ್ಲ: ‘ಕುರ್ಸ್ ಸೆಮ್ ಅಪ್ಸೊಲ್ವೊವಲ್’ (ಕೋರ್ಸ್ ಮುಗಿಸಿದೆ). ಒಬ್ಬರನ್ನೇ ಗೌರವದಿಂದ ‘ನೀವು’ ಎಂದಾಗ ಸಹಾಯಕ ಪದ ಬಹುವಚನದ ‘ಸ್ತೆ’, ಕ್ರಿಯಾಪದ ಮಾತ್ರ ಏಕವಚನದಲ್ಲೇ: ‘ಅಪ್ಸೊಲ್ವೊವಲ್ ಸ್ತೆ’. ಇದು ಕನ್ನಡಿಗರಿಗೆ ಒಗ್ಗಲು ಸಮಯ ಬೇಕು. ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಳ್ಳುವುದೇ ಉತ್ತಮ.

ಮುಗಿಸಿದ ವಸ್ತು ದ್ವಿತೀಯಾ ವಿಭಕ್ತಿಯಲ್ಲಿರಬೇಕು: ‘ಶ್ಕೊಲ’ (ಶಾಲೆ) ‘ಶ್ಕೊಲು’ ಆಗುತ್ತದೆ, ‘ಕುರ್ಸ್’ ಹಾಗೇ ಉಳಿಯುತ್ತದೆ.

ಭವಿಷ್ಯ ಹೇಳಲು ಬೇರೆ ರೂಪ ಹುಡುಕಬೇಕಾಗಿಲ್ಲ. ಚೆಕ್ಕಿನ ಬಹುಪಾಲು ಕ್ರಿಯಾಪದಗಳು ನಡೆಯುತ್ತಿರುವುದನ್ನೋ ಮುಗಿದದ್ದನ್ನೋ, ಎರಡರಲ್ಲಿ ಒಂದನ್ನೇ ಹೇಳುತ್ತವೆ. ಇದು ಎರಡನ್ನೂ ಹೇಳಬಲ್ಲದು. ಹಾಗಾಗಿ ‘ಜೂನ್‌ನಲ್ಲಿ’ ಎಂಬ ಪದ ಜೊತೆಗಿದ್ದರೆ ‘ಅಪ್ಸೊಲ್ವುಯಿ’ ಎಂದಷ್ಟೇ ಸಾಕು, ನಮ್ಮ ‘ಮುಗಿಸುತ್ತೇನೆ’ ಇದ್ದ ಹಾಗೆ. ನಡೆಯುತ್ತಲೇ ಇರುವ ಕೆಲಸವೆಂದು ಒತ್ತಿ ಹೇಳಬೇಕಾದಾಗ ‘ಬುದು ಅಪ್ಸೊಲ್ವೊವತ್’ ಎನ್ನಿ.