ಪರಿಮಳದ ಲೆಕ್ಕವನ್ನು ಮೂಗಿಗೆ ಬಿಡಬೇಡಿ

ಕ್ರೀಮು, ಬಾಮು, ಬಾಡಿ ಬಟರ್ ಕೈಯಲ್ಲೇ ಮಾಡಿ ಮಾರುವುದು ನನ್ನ ಕೆಲಸ. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಸೆನ್ಷಿಯಲ್ ಆಯಿಲ್, ಅಂದರೆ ಗಿಡದಿಂದ ತೆಗೆದ ಪರಿಮಳದ ಎಣ್ಣೆ, ಎಷ್ಟು ಹನಿ ಹಾಕಬೇಕು? ಹನಿ ಎಣಿಸಬೇಡಿ, ತೂಕ ಮಾಡಿ ಅನ್ನುತ್ತೇನೆ. ಲಾವಂಚದ ಎಣ್ಣೆ ಮಂದ, ತಡೆದು ತಡೆದು ಬೀಳುತ್ತದೆ. ಕಿತ್ತಳೆಯದ್ದು ತೆಳು, ಬಾಟಲಿ ಬಗ್ಗಿಸಿದರೆ ಸಾಕು, ಸುರಿದುಬಿಡುತ್ತದೆ. ಡ್ರಾಪರ್ ಬದಲಾದರೂ ಹನಿಯ ಗಾತ್ರ ಬದಲಾಗುತ್ತದೆ. ಹಾಗಿರುವಾಗ '20 ಹನಿ' ಅಂತ ಬರೆದ ರೆಸಿಪಿಯಲ್ಲಿ ನಿಜಕ್ಕೂ ಎಷ್ಟು ಎಣ್ಣೆ ಇದೆ ಅಂತ ಹೇಳುವುದು ಹೇಗೆ?

ಮುಖಕ್ಕೆ ಹಚ್ಚುವುದಕ್ಕೆ ನಾನು ಒಟ್ಟು ತೂಕದಲ್ಲಿ 0.5% ಎಣ್ಣೆ ಹಾಕುತ್ತೇನೆ, ಜಾಸ್ತಿ ಅಂದರೆ 1%. ಮೈಗಾದರೆ 1ರಿಂದ 2%. 50 ಗ್ರಾಂ ಮುಖದ ಕ್ರೀಮಿಗೆ 0.5% ಅಂದರೆ ಬರೀ 0.25 ಗ್ರಾಂ. ಅಡುಗೆಮನೆಯ ತೂಕದ ಯಂತ್ರ ಇದನ್ನು ತೋರಿಸುವುದೇ ಇಲ್ಲ, 0.01 ಗ್ರಾಂ ಅಳೆಯುವಂಥದ್ದು ಬೇಕು. ದುಬಾರಿ ಎಣ್ಣೆಗೆ ದುಡ್ಡು ಹಾಕುವ ಮೊದಲು ಅದನ್ನು ಕೊಳ್ಳಿ.

ಮೂಗನ್ನಂತೂ ನಂಬಲೇಬೇಡಿ. ಸ್ವಲ್ಪ ಹೊತ್ತು ಲಾವೆಂಡರ್ ಮುಂದೆ ಕೂತರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ, ಪರಿಮಳವೇ ಬರುತ್ತಿಲ್ಲ ಅನ್ನಿಸುತ್ತದೆ, ಇನ್ನೊಂದು ಚೂರು ಸುರಿಯೋಣ ಅಂತ ಕೈ ತಾನಾಗೇ ಬಾಟಲಿಗೆ ಹೋಗುತ್ತದೆ. ಅದಕ್ಕೇ ಬ್ಯಾಚ್ ಶುರುವಾಗುವ ಮೊದಲೇ ಲೆಕ್ಕ ಬರೆದು, ಎಣ್ಣೆ ತೂಗಿಟ್ಟು, ಬಾಟಲಿ ಮುಚ್ಚಿ ಒಳಗೆ ಇಟ್ಟುಬಿಡುತ್ತೇನೆ. ಕ್ರೀಮು 40 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಬೆರೆಸುತ್ತೇನೆ, ಬಿಸಿ ಇದ್ದರೆ ಪರಿಮಳ ಹಾರಿಹೋಗುತ್ತದೆ. ಪರಿಮಳ ಸಾಕಾ ಅಂತ ನೋಡುವುದು ಮರುದಿನ.

'ನ್ಯಾಚುರಲ್ ಅಲ್ವಾ, ಏನಾಗುತ್ತೆ?' ಅನ್ನುವವರು ತುಂಬಾ ಜನ. ಆಗುತ್ತದೆ. ಬರ್ಗಮಾಟ್ ಅನ್ನುವುದು ಕಿತ್ತಳೆ ಜಾತಿಯ ಹಣ್ಣು, ಅದರ ಸಿಪ್ಪೆ ಹಿಂಡಿ ತೆಗೆದ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅನ್ನುವ ಅಂಶ ಇದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಕೆಂಪಾಗಬಹುದು, ಆಮೇಲೆ ಕಪ್ಪು ಕಲೆ ಬಹಳ ಕಾಲ ಉಳಿಯಬಹುದು. ಬಿಸಿಲು ತಾಗುವ ಚರ್ಮಕ್ಕೆ ಹಚ್ಚಿ ತೊಳೆಯದೆ ಬಿಡುವ ವಸ್ತುಗಳಲ್ಲಿ ಈ ಎಣ್ಣೆಗೆ ಇಫ್ರಾ ಅನ್ನುವ ಅಂತರರಾಷ್ಟ್ರೀಯ ಪರಿಮಳ ಸಂಸ್ಥೆ 0.4% ಮಿತಿ ಹಾಕಿದೆ. ಬರ್ಗಾಪ್ಟೆನ್ ತೆಗೆದ ಬರ್ಗಮಾಟ್ ಕೂಡ ಸಿಗುತ್ತದೆ, ನಾನು ತರಿಸುವುದು ಅದನ್ನೇ. ಲೈಮ್ ಎಣ್ಣೆಯದ್ದೂ ಇದೇ ಕಥೆ: ಹಿಂಡಿ ತೆಗೆದದ್ದಕ್ಕೆ ಬಿಸಿಲಿನ ತೊಂದರೆ ಇದೆ, ಹಬೆಯಲ್ಲಿ ಬಟ್ಟಿ ಇಳಿಸಿದ್ದಕ್ಕೆ ಇಲ್ಲ. ಹಾಗಾಗಿ ಹೆಸರು ನೋಡಿ ಸುಮ್ನೆ ಕೊಳ್ಳಬೇಡಿ, ಹೇಗೆ ತೆಗೆದಿದ್ದಾರೆ ಅಂತ ಕೇಳಿ. ಲವಂಗದ ಎಣ್ಣೆಯನ್ನು ಮುಖಕ್ಕೆ ಬಳಸುವುದಿಲ್ಲ, ಮೈಗೂ 0.5% ದಾಟುವುದಿಲ್ಲ. ಚಕ್ಕೆಯ ಎಣ್ಣೆ ನನ್ನ ಕಪಾಟಿನಲ್ಲೇ ಇಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹಳೆಯ ಎಣ್ಣೆಯದ್ದು. ಕಿತ್ತಳೆಯಲ್ಲಿರುವ ಲಿಮೊನೀನ್, ಲಾವೆಂಡರಿನಲ್ಲಿರುವ ಲಿನಲೂಲ್ ಅನ್ನುವ ಅಂಶಗಳು ಗಾಳಿ ತಾಗಿ ಕೆಡುತ್ತಾ ಹೋದಂತೆ ಬೇರೆಯೇ ವಸ್ತುಗಳಾಗುತ್ತವೆ, ಚರ್ಮಕ್ಕೆ ಅಲರ್ಜಿ ತರುವುದು ಮುಖ್ಯವಾಗಿ ಅವೇ. ಒಮ್ಮೆ ಆ ಅಲರ್ಜಿ ಅಂಟಿತು ಅಂದರೆ ಸಾಮಾನ್ಯವಾಗಿ ಬಿಡುವುದಿಲ್ಲ, ಪಾಪ ಆ ಮನುಷ್ಯ ಆಮೇಲೆ ಸೋಪು, ಶಾಂಪೂ, ಸೆಂಟು ಎಲ್ಲದರಲ್ಲೂ ಅದೇ ಅಂಶ ಇದೆಯಾ ಅಂತ ಹುಡುಕುತ್ತಾ ಇರಬೇಕು. ಅದಕ್ಕೇ ಬಾಟಲಿ ತೆರೆದ ದಿನವೇ ಮೇಲೆ ತಾರೀಕು ಬರೆಯುತ್ತೇನೆ. ಕಿತ್ತಳೆ, ನಿಂಬೆ, ಟೀ ಟ್ರೀ (ಆ ಹೆಸರಿನ ಮರದ ಎಲೆಯ ಎಣ್ಣೆ) ಇರುವುದು ಫ್ರಿಜ್ಜಿನಲ್ಲಿ. ಅರ್ಧ ಖಾಲಿಯಾದರೆ ಚಿಕ್ಕ ಬಣ್ಣದ ಗಾಜಿನ ಬಾಟಲಿಗೆ ಸುರಿದುಕೊಳ್ಳುತ್ತೇನೆ, ಒಳಗೆ ಗಾಳಿ ಕಡಿಮೆ ಇರಲಿ ಅಂತ.

ಟೀ ಟ್ರೀ ಹಾಕಿದ್ದೇನೆ, ಕೆಡದ ಹಾಗೆ ಕಾಯುವ ಬೇರೆ ಪ್ರಿಸರ್ವೇಟಿವ್ ಬೇಡ ಅನ್ನುವವರೂ ಇದ್ದಾರೆ. ನೀರಿರುವ ಕ್ರೀಮಿಗೆ ಪ್ರಿಸರ್ವೇಟಿವ್ ಬೇಕೇ ಬೇಕು. ಚರ್ಮ ತಾಳುವಷ್ಟು ಟೀ ಟ್ರೀ ಹಾಕಿದರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ ಅಂತ ನಂಬುವ ಹಾಗಿಲ್ಲ. ಹಾಗೇ ಗುಲಾಬಿ ನೀರಿಗೆ ಎಣ್ಣೆ ಹಾಕಿ ಅಲ್ಲಾಡಿಸಿದರೆ ಅದು ಕರಗುವುದಿಲ್ಲ, ಮೇಲೆ ತೇಲುತ್ತದೆ, ಸ್ಪ್ರೇ ಮಾಡಿದಾಗ ಬೆರೆಯದ ಎಣ್ಣೆ ನೇರ ಚರ್ಮಕ್ಕೆ ಬೀಳುತ್ತದೆ.

ಹಸುಗೂಸಿಗೆ ಅಂತ ಕೇಳಿದವರಿಗೆ ಎಸೆನ್ಷಿಯಲ್ ಆಯಿಲ್ ಇಲ್ಲದ ಬಾಮನ್ನೇ ಕೊಡುತ್ತೇನೆ. ಪರಿಮಳ ಇದ್ದರೆ ಚೆನ್ನಾಗಿತ್ತು ಅಂತ ಕೆಲವರು ಕೇಳುತ್ತಾರೆ, ಆದರೂ ಹಾಕಿಕೊಡುವುದಿಲ್ಲ.